ಸಹಾಯ ಬೇಕು: ತಾತನ ಟ್ರಂಕಿನ ಅಮೋನೈಟ್ ಚಿತ್ರ ಅಸಲಿ ಮುದ್ರಣಾನಾ?

ನಮಸ್ಕಾರ, ನಾವು ತುಮಕೂರಿನವರು. ತೀರಿಹೋದ ತಾತನ ಟ್ರಂಕಲ್ಲಿ ಒಂದು ಬಿಡಿ ಚಿತ್ರ ಸಿಕ್ಕಿದೆ. ಹಾಳೆ ತುಂಬಾ ಅಮೋನೈಟ್‌ಗಳು, 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆಗೇ ಅಳಿದುಹೋದ, ಸುರುಳಿ ಚಿಪ್ಪಿನ ಸಮುದ್ರಜೀವಿಗಳು. ಅಜ್ಜಿ ನೋಡಿದ ತಕ್ಷಣ "ಇದು ನಮ್ಮ ಸಾಲಿಗ್ರಾಮದ ಚಕ್ರ ಅಲ್ವೇನೋ" ಅಂದ್ರು. ನಿಜಾನೇ, ಗಂಡಕಿ ನದಿಯ ಎಷ್ಟೋ ಸಾಲಿಗ್ರಾಮಗಳು ಅಮೋನೈಟ್ ಪಳೆಯುಳಿಕೆಗಳೇ.

ಮೇಲೆ "ಟಾಫೆಲ್ 44" ಅಂತಿದೆ, ಜರ್ಮನ್‌ನಲ್ಲಿ "ಚಿತ್ರಫಲಕ 44" ಅಂತ. ಹುಡುಕಿದಾಗ, ಜರ್ಮನಿಯ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ 1899ರಿಂದ 1904ರವರೆಗೆ ಕಂತುಗಳಲ್ಲಿ ತಂದ 100 ಚಿತ್ರಫಲಕಗಳಲ್ಲಿ ಇದೂ ಒಂದು ಅಂತ ಗೊತ್ತಾಯ್ತು. ಕಲ್ಲಚ್ಚಿಗೆ (ಲಿಥೋಗ್ರಫಿ, ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯೋ ವಿಧಾನ) ಇಳಿಸಿದವರು ಅಡಾಲ್ಫ್ ಗಿಲ್ಚ್. ಆದ್ರೆ ಆಮೇಲೆ ಮರುಮುದ್ರಣಗಳೂ ಬಂದಿವೆ.

ಪ್ರೆಸ್ಸಿನ ಹಿರಿಯರೊಬ್ಬರು, ಆಫ್‌ಸೆಟ್ (ಈಗಿನ ಮೆಷಿನ್ ಮುದ್ರಣ) ಆದ್ರೆ ಶಾಯಿಯ ಚುಕ್ಕಿಗಳು ಸಾಲಾಗಿರುತ್ತವೆ, ಕಲ್ಲಚ್ಚಾದ್ರೆ ಅಡ್ಡಾದಿಡ್ಡಿ ಅಂದ್ರು. ಭೂತಗನ್ನಡಿ ಹಿಡಿದು ನೋಡಿದೆ. ಸುರುಳಿಗಳ ಮೇಲೆ ಅಡ್ಡಾದಿಡ್ಡಿ, ಹಿನ್ನೆಲೆಯಲ್ಲಿ ಮಾತ್ರ ಸಾಲುಸಾಲು! ಇಲ್ಲೇ ನಾನು ಸಿಕ್ಕಿಹಾಕಿಕೊಂಡಿರೋದು. ಫ್ರೇಮ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಸಿ ಅಂದ್ರು, ಮನಸ್ಸೇ ಬರಲಿಲ್ಲ.

ಮುದ್ರಣ ಗೊತ್ತಿರೋರು ದಯವಿಟ್ಟು ಹೇಳಿ: ಒಂದೇ ಹಾಳೆಯಲ್ಲಿ ಎರಡೂ ಥರದ ಚುಕ್ಕಿ ಇದ್ರೆ ಅದು ಹಳೇ ಕಲ್ಲಚ್ಚಾ, ಮರುಮುದ್ರಣಾನಾ? ಇನ್ನೇನು ನೋಡಿ ತೀರ್ಮಾನ ಮಾಡಬೇಕು?