ಪದಚರ್ಚೆ: ‘ಕರೆಂಟ್ ಕೊಡೋದು’ ಎನ್ನುವುದಕ್ಕೆ ಏನು ಬರೆಯೋಣ?

ಶಿರಸಿ, ಕುಮಟಾ ಕಡೆಯ ರೋಗಿಗಳಿಗೂ ಮನೆಯವರಿಗೂ ಕೊಡಲು ಇಸಿಟಿ (ಮಾನಸಿಕ ಕಾಯಿಲೆಗೆ ತಲೆಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸಿ ಕೊಡುವ ಚಿಕಿತ್ಸೆ) ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಸಿದ್ಧವಾಗುತ್ತಿದೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಜನರ ಬಾಯಲ್ಲಿರುವುದು ‘ಕರೆಂಟ್ ಕೊಡೋದು’, ‘ಶಾಕ್ ಟ್ರೀಟ್‌ಮೆಂಟ್’. ಆದರೆ ಕರೆಂಟು ಹರಿಯುವುದು ಕೆಲವೇ ಸೆಕೆಂಡು. ಗುಣ ಕಾಣುವುದು ಅದರಿಂದ ಮಿದುಳಿನಲ್ಲಿ ಏಳುವ, ಸುಮಾರು ಅರ್ಧದಿಂದ ಒಂದು ನಿಮಿಷದ ಫಿಟ್ಸ್‌ನಿಂದ. ‘ವಿದ್ಯುತ್ ಸೆಳವು ಚಿಕಿತ್ಸೆ’ ಎಂದು ಬರೆಯಬಹುದು, ಇಲ್ಲಿ ಸೆಳವು ಎಂದರೆ ಫಿಟ್ಸ್. ಆದರೆ ಕರಾವಳಿಯಲ್ಲಿ ಸೆಳವು ಎಂದರೆ ಮೊದಲು ನೆನಪಾಗುವುದು ಹೊಳೆ, ಸಮುದ್ರದ ನೀರಿನ ಎಳೆತ. ಕರೆಂಟು ಮನುಷ್ಯನನ್ನು ಹಿಡಿದೆಳೆಯುತ್ತದೆ ಎಂಬ ಭಯ ಇನ್ನೂ ಹೆಚ್ಚುತ್ತದೆ. ಹೆಸರು ‘ಇಸಿಟಿ’ ಎಂದೇ ಇರಲಿ, ಕೆಳಗೆ ‘ಅರಿವಳಿಕೆ ಕೊಟ್ಟು ಫಿಟ್ಸ್ ಬರಿಸುವ ಚಿಕಿತ್ಸೆ’ ಎಂದು ಬರೆಯೋಣ ಎಂಬುದು ನನ್ನ ಮತ. ‘ಅರಿವಳಿಕೆ’ಯನ್ನು ಮಾತ್ರ ಬಿಡಕೂಡದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಫಿಟ್ಸ್ ಎಂದೊಡನೆ ಕೈಕಾಲು ಬಡಿಯುವುದು, ಕೈಗೆ ಕಬ್ಬಿಣ ಹಿಡಿಸುವುದು ಕಣ್ಣಿಗೆ ಬರುತ್ತದೆ. ಸ್ನಾಯು ಸಡಿಲಾಗಿರುವುದರಿಂದ ಇಲ್ಲಿ ಹಾಗಾಗದು. ಒಂದು ಕಣಕಾಲಿಗೆ ಬಿಪಿ ಪಟ್ಟಿ ಬಿಗಿದು ಆ ಪಾದಕ್ಕೆ ಸ್ನಾಯು ಸಡಿಲಿಸುವ ಔಷಧ ಇಳಿಯದಂತೆ ತಡೆಯುವುದುಂಟು. ಅಲ್ಲಿನ ಬೆರಳು ಅದುರುವುದನ್ನು, ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಗೆರೆಯನ್ನು ನೋಡಿ ಫಿಟ್ಸ್ ಎಷ್ಟು ಹೊತ್ತು ಇತ್ತೆಂದು ಅಳೆಯುತ್ತಾರೆ. ಇದನ್ನು ಪತ್ರದಲ್ಲಿ ಹೀಗೇ ಬರೆಯಬೇಕು.

‘ಖಾಲಿ ಹೊಟ್ಟೆ’ ನಮ್ಮ ಕಡೆ ಅಪಾಯದ ಪದ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಬೆಳಗಿನ ಹಾಲು ಹಾಕಿದ ಕಷಾಯ ಊಟ-ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಏನಾದರೂ ತಿಂದು, ಕುಡಿದು ಬಂದರೆ ಆ ದಿನದ ಚಿಕಿತ್ಸೆ ಮುಂದೂಡುತ್ತಾರೆ. ‘ಚಿಕಿತ್ಸೆಗೆ ಮುಂಚೆ ಕನಿಷ್ಠ ಆರು ತಾಸು ಅನ್ನ, ತಿಂಡಿ, ಹಾಲು, ಚಹಾ, ಕಷಾಯ ಯಾವುದೂ ಬೇಡ, ನೀರು, ಮಾತ್ರೆಗೆ ವೈದ್ಯರು ಹೇಳಿದಂತೆ’ ಎಂದು ಬಿಡಿಸಿ ಬರೆಯೋಣ.

‘ನೆನಪು ಹೋಗುತ್ತದೆ’ ಎಂದು ಬರೆದರೆ ಅತಿ, ‘ಏನೂ ಆಗುವುದಿಲ್ಲ’ ಎಂದರೆ ಸುಳ್ಳು. ಎದ್ದಮೇಲೆ ಸ್ವಲ್ಪ ಹೊತ್ತು ಗಲಿಬಿಲಿ, ತಲೆನೋವು ಸಾಮಾನ್ಯ. ಚಿಕಿತ್ಸೆಯ ಆಸುಪಾಸಿನ ವಾರ, ತಿಂಗಳುಗಳ ಕೆಲವು ನೆನಪು ಅಳಿಸಬಹುದು. ಹೆಚ್ಚಿನವು ಮರಳುತ್ತವೆ, ಕೆಲವು ಮರಳದೆಯೂ ಇರಬಹುದು. ಸಾಮಾನ್ಯವಾಗಿ ವಾರಕ್ಕೆ 2–3ರಂತೆ 6ರಿಂದ 12 ಸಲ ಚಿಕಿತ್ಸೆ ಕೊಡುತ್ತಾರೆ. ಒಪ್ಪಿಗೆ ಕೊಟ್ಟವರು ನಡುವೆ ಬೇಡವೆನ್ನಬಹುದು ಎಂಬ ಸಾಲು ಸಹಿಯ ಜಾಗದ ಮೇಲೇ ಬರಲಿ.

ಈಗ ನನ್ನ ಪ್ರಶ್ನೆ. ಮಾತು, ಊಟ ನಿಂತು, ಕೂತಲ್ಲೇ ಮೈ ಬಿಗಿದುಕೊಂಡಿರುವ ಕೆಟಟೋನಿಯಾ ಸ್ಥಿತಿಗೆ ಇಸಿಟಿ ಬೇಗ ಫಲ ಕೊಡುತ್ತದೆ. ಹೊನ್ನಾವರ, ಅಂಕೋಲಾ, ಕಾರವಾರದ ಕಡೆ ಮನೆಯವರು ಈ ಸ್ಥಿತಿಯನ್ನು ಏನೆಂದು ಹೇಳುತ್ತಾರೆ? ದೆವ್ವ, ಗಾಳಿ ಬಿಟ್ಟು ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.