ಬಳ್ಳಾರಿಯಿಂದ ಆನೆಗೊಂದಿಗೆ ಸೈಕಲ್: ಎರಡು ದಿನ ಸಾಕಾ?

ಕೋಟೆಗುಡ್ಡ_ಸೈಕಲ್ (ಬಳ್ಳಾರಿ):
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಒಂದು ಶನಿವಾರ-ಭಾನುವಾರ ನಾನು, ನನ್ನ ತಮ್ಮ ಸೈಕಲ್‌ನಲ್ಲಿ ಹಂಪಿ ಎದುರು ದಂಡೆಯ ಆನೆಗೊಂದಿಗೆ ಹೋಗೋಣ ಅಂತಿದ್ದೇವೆ. ರಾತ್ರಿ ಊರೊಳಗೆ ಯಾರದಾದರೂ ಮನೆಯಲ್ಲೇ ಉಳಿಯಬೇಕು, ರೆಸಾರ್ಟ್ ಬೇಡ. ಭಾನುವಾರ ಒಂದು ಗುಡ್ಡ ಹತ್ತಿ ವಾಪಸ್. ಕೇಳಿದವರೆಲ್ಲ ಅಂಜನಾದ್ರಿ ಅಂತಾರೆ. ತೋರಣಗಲ್ಲು ಮೇಲೆ ಹೋಗೋದಾ, ಕಂಪ್ಲಿ ಮೇಲಾ?

ಹಳೇ_ಅಟ್ಲಾಸ್:
ತೋರಣಗಲ್ಲು ಕಡೆ ರಸ್ತೆ ಅಗಲ ಇದೆ. ಹೊಸಪೇಟೆ, ಹಂಪಿ ನೋಡಿಕೊಂಡು ತಳವಾರಘಟ್ಟದಲ್ಲಿ ತುಂಗಭದ್ರಾ ಹೊಳೆ ದಾಟಿ. ದೋಣಿಯಲ್ಲಿ ಬೈಕನ್ನೇ ಹಾಕುತ್ತಾರೆ, ಸೈಕಲ್ ಏನು ಲೆಕ್ಕ!

ಎಡದಂಡೆ_ನಾಲೆ (ಗಂಗಾವತಿ):
ಅಗಲ ಇದೆ ನಿಜ ಸರ್, ಆದರೆ ಅದಿರು, ಉಕ್ಕು ಹೊತ್ತ ಲಾರಿಗಳ ಪಕ್ಕ ಕೆಂಪು ಧೂಳು ಕುಡಿಯುತ್ತ ತುಳಿಯೋದು ಯಾಕೆ? ಕಂಪ್ಲಿ ಮೇಲೆ ಬನ್ನಿ. ನಸುಕಿನಲ್ಲೇ ಬಿಡಿ. ಕುರುಗೋಡಿನಲ್ಲಿ ಒಗ್ಗರಣೆ-ಮಿರ್ಚಿ ತಿಂದು, ದೊಡ್ಡ ಬಸವೇಶ್ವರನಿಗೆ ಕೈ ಮುಗಿದು ಮುಂದೆ. ಕಂಪ್ಲಿ ಸೇತುವೆ ಮಳೆಗಾಲದಲ್ಲಿ ಡ್ಯಾಮಿನ ನೀರು ಜಾಸ್ತಿ ಬಿಟ್ಟಾಗ ಮುಳುಗುತ್ತೆ, ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ.

ಹೊಳೆ ದಾಟಿದರೆ ಗಂಗಾವತಿವರೆಗೆ ಬರೀ ಭತ್ತ. ಆಗ ಕೊಯ್ಲಿನ ಕಾಲ, ಅರ್ಧ ರಸ್ತೆಯಲ್ಲಿ ಭತ್ತ ಒಣಗಿಸಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಸಂಜೆ ಮಬ್ಬಿನಲ್ಲಿ ಅವು ಕಾಣೋದಿಲ್ಲ. ಕಾಳಿನ ಮೇಲೆ ಚಕ್ರ ಜಾರುತ್ತೆ, ಬೈಗುಳವೂ ಬೀಳುತ್ತೆ. ಮಧ್ಯಾಹ್ನವೇ ದಾಟಿಬಿಡಿ.

ಇನ್ನು ಅಂಜನಾದ್ರಿ. ಅದು 575 ಮೆಟ್ಟಿಲು ಅಷ್ಟೇ. ಶನಿವಾರ, ಅದರಲ್ಲೂ ಹನುಮಮಾಲೆ ಸಮಯದಲ್ಲಿ, ಮುಂದಿನವರ ಹಿಮ್ಮಡಿ ನೋಡುತ್ತ ಹತ್ತಬೇಕು. ನಿಮಗೆ ನಡೆಯುವ ಆಸೆ ಇದ್ದರೆ ಹಿರೇಬೆಣಕಲ್‌ಗೆ ಹೋಗಿ. ಗಂಗಾವತಿಯಿಂದ ಕೊಪ್ಪಳ ರಸ್ತೆಯಲ್ಲಿದೆ. ಊರಲ್ಲಿ ಸೈಕಲ್ ಬಿಟ್ಟು ಗುಡ್ಡ ಹಿಡಿಯಬೇಕು. ಬಂಡೆ, ಪೊದೆ, ಮತ್ತೆ ಬಂಡೆ. ಮೇಲೆ ಹೋದರೆ ಕಲ್ಲು ಚಪ್ಪಡಿಯ ಮನೆಗಳು! ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮುಂದಿನ ಚಪ್ಪಡಿಗೆ ದುಂಡಗೆ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಮೊಣಕಾಲೆತ್ತರ, ಕೆಲವಕ್ಕೆ ಆಳು ಒಳಗೆ ನಿಲ್ಲಬಹುದು. ಇಂಥವು ಸುಮಾರು 400 ಇವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಅಸಲಿಗೆ ಇವು ಆ ಕಾಲದವರ ಸಮಾಧಿಗಳು, ನಮ್ಮ ಕಡೆ ಮೊರೇರ ಮನೆ ಅಂತೀವಿ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಗೂ ಸೇರಿತು, ಆದರೂ ಜನ ಅಂಜನಾದ್ರಿಗೇ ಹೋಗ್ತಾರೆ. ಬಂಡೆ ಮೇಲೆ ಒಂದು ಕಲ್ಲಿನ ನಗಾರಿ ಇದೆ, ಬಡಿದರೆ ಸದ್ದು ದೂರಕ್ಕೆ ಹೋಗುತ್ತೆ. ಆಸೆ ಆಗುತ್ತೆ, ಆದರೂ ಬಡಿಯಬೇಡಿ. ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ, ದಾರಿ ತಪ್ಪೋದು ಸುಲಭ, ಕರಡಿ-ಚಿರತೆ ಇರುವ ಜಾಗ ಬೇರೆ. ನೀರು ಕೆಳಗಿಂದಲೇ ಹೊತ್ತುಕೊಳ್ಳಿ.

ಹಾಗಾಗಿ ಎರಡು ದಿನ ಸಾಲದು. ಗುಡ್ಡ ಇಳಿದ ಕಾಲಲ್ಲಿ ಬಳ್ಳಾರಿವರೆಗೆ ತುಳಿಯೋದು ಶಿಕ್ಷೆ. ಶುಕ್ರವಾರ ರಜೆ ಹಾಕಿ.

ಕೋಟೆಗುಡ್ಡ_ಸೈಕಲ್:
ರಜೆ ಸಿಗುತ್ತೆ ಅಣ್ಣಾ. ಉಳಿಯುವ ಮನೆ ಬಗ್ಗೆ ಸ್ವಲ್ಪ ಹೇಳಿ.

ಎಡದಂಡೆ_ನಾಲೆ:
ಆನೆಗೊಂದಿಯಲ್ಲಿ ಹಳೇ ಮನೆಗಳನ್ನೇ ರಿಪೇರಿ ಮಾಡಿ ಕೊಡುವವರಿದ್ದಾರೆ. ಕೆಲವು ಕಡೆ ಮನೆಯವರು ಅಲ್ಲೇ ಇರುತ್ತಾರೆ, ಕೆಲವು ಕಡೆ ಬರೀ ಕೀಲಿ ಕೊಟ್ಟು ಹೋಗ್ತಾರೆ. ಅದನ್ನು ಮೊದಲೇ ಕೇಳಿ. ಊಟಕ್ಕೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಬೇಕು. ಸೈಕಲ್ ತುಳಿದವರು ಎಷ್ಟು ರೊಟ್ಟಿ ತಿಂತಾರೆ ಅಂತ ಅವರಿಗೆ ಗೊತ್ತಿರಲ್ಲ. ಪುಂಡಿಪಲ್ಯ ಸಿಕ್ಕರೆ ಬಿಡಬೇಡಿ. ಸೈಕಲ್ ಪಡಸಾಲೆಯಲ್ಲಿ ಇಡೋಕೆ ಬಿಡ್ತಾರಾ ಅಂತಲೂ ಕೇಳಿ, ಹೊರಗೆ ಬಿಟ್ಟರೆ ಮಂಗಗಳು ಸೀಟು ಕಿತ್ತು ನೋಡ್ತವೆ. ಸಂಜೆ ರಂಗನಾಥ ಗುಡಿ, ಗಗನ ಮಹಲ್ ನಡೆದೇ ನೋಡಬಹುದು. ಸಾಣಾಪುರದ ಕಡೆ ಹೋದರೆ ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಜಾಸ್ತಿ.

ಪಂಕ್ಚರ್_ಪ್ರಿಯ (ಸಿಂಧನೂರು):
ಬಳ್ಳಾರಿ ಜಾಲಿ ಮುಳ್ಳಿನ ಸುದ್ದಿ ಯಾರೂ ಎತ್ತಲೇ ಇಲ್ವಲ್ಲ! ಹೊಲದ ಬದುವಿನ ಪಕ್ಕ ಸೈಕಲ್ ಇಳಿಸಿದಿರೋ, ಮುಗೀತು. ತಲಾ ಎರಡು ಟ್ಯೂಬ್, ಪ್ಯಾಚು, ಸಲ್ಯೂಷನ್, ಕೈಪಂಪು ಇರಲಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರ್ ಒಳಗೆ ಬಟ್ಟೆ ಚೂರು ಸವರಿ. ಮುರಿದ ಮುಳ್ಳಿನ ತುದಿ ಒಳಗೇ ಕೂತಿರುತ್ತೆ, ಬಟ್ಟೆಗೆ ಸಿಕ್ಕಿಕೊಳ್ಳುತ್ತೆ.

ಕೋಟೆಗುಡ್ಡ_ಸೈಕಲ್:
ಹಾಗಾದ್ರೆ ಶುಕ್ರವಾರ ಕಂಪ್ಲಿ ಮೇಲೆ ಆನೆಗೊಂದಿ, ಶನಿವಾರ ಹಿರೇಬೆಣಕಲ್, ಭಾನುವಾರ ವಾಪಸ್. ತಮ್ಮನಿಗೆ ಪಂಪ್ ತರೋಕೆ ಹೇಳಿದ್ದೀನಿ. ಗುಡ್ಡಕ್ಕೆ ಜೊತೆ ಬರುವವರು ಹಿರೇಬೆಣಕಲ್ ಊರಲ್ಲೇ ಸಿಗ್ತಾರಾ, ಗಂಗಾವತಿಯಿಂದಲೇ ಮಾತಾಡಿಕೊಂಡು ಹೋಗಬೇಕಾ?

ಎಡದಂಡೆ_ನಾಲೆ:
ಆನೆಗೊಂದಿಯ ಮನೆಯವರನ್ನೇ ಹಿಂದಿನ ರಾತ್ರಿ ಕೇಳಿ. ಯಾರಾದರೂ ಬೀಗರು ಆ ಊರಲ್ಲಿ ಇದ್ದೇ ಇರ್ತಾರೆ.