ಹೆಂಪ್ ಬೀಜ, ಎಣ್ಣೆ, ಸೋಪು ಮಾರುತ್ತಿದ್ದೇವೆ. ಇನ್ನು ವ್ಯಾಪಾರ ಬೆಳೆಸುವುದು ಹೇಗೆ?

ಎಡದಂಡೆ_ಅಕ್ಕ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಮನೆಯವರು ಸೇರಿ ಸಣ್ಣದೊಂದು ಹೆಂಪ್ (ಗಾಂಜಾ ಜಾತಿಯದೇ ಗಿಡ, ನಶೆಯ ಅಂಶ ತೀರಾ ಕಮ್ಮಿ ಇರುವ ತಳಿ) ವ್ಯಾಪಾರ ನಡೆಸುತ್ತಿದ್ದೇವೆ. ಇಡೀ ಬೀಜ, ಸಿಪ್ಪೆ ತೆಗೆದ ಬೀಜ, ಬೀಜದ ಎಣ್ಣೆ, ಆ ಎಣ್ಣೆ ಹಾಕಿದ ಸೋಪು, ಇಷ್ಟೇ. ಬೀಜ ಉತ್ತರಾಖಂಡದಿಂದ ಬಿಲ್ ಸಮೇತ ಬರುತ್ತದೆ. ಎಣ್ಣೆ ಇಲ್ಲೇ ಗಾಣದಲ್ಲಿ ತೆಗೆಸುತ್ತೇವೆ. ಸೋಪು ಮನೆಯಲ್ಲೇ ಮಾಡುತ್ತೇವೆ.

ಮೊದಲು ಆನೆಗುಂದಿ, ಸಾಣಾಪುರ ಕಡೆಯ ಹೋಂಸ್ಟೇಗಳಲ್ಲಿ ಇಟ್ಟೆವು. ಹಂಪಿ ನೋಡಲು ಬಂದವರು ಹೊಳೆ ದಾಟಿ ಈ ಕಡೆ ಉಳಿಯುತ್ತಾರಲ್ಲ, ಅವರೇ ಗಿರಾಕಿಗಳು. ಚಳಿಗಾಲದಲ್ಲಿ ಚೆನ್ನಾಗಿ ಹೋಗುತ್ತದೆ, ಮಾರ್ಚ್ ಬಂತೆಂದರೆ ನೊಣ ಹೊಡೆಯುತ್ತಾ ಕೂರಬೇಕು. ಕೊಂಡುಹೋದವರೇ ಬೆಂಗಳೂರು, ಪುಣೆಯಿಂದ ಮತ್ತೆ ತರಿಸಿಕೊಳ್ಳಲು ಶುರು ಮಾಡಿದ್ದರಿಂದ ಈಗ ಅರ್ಧ ವ್ಯಾಪಾರ ಕೊರಿಯರ್ ಮೇಲೆ ನಡೆಯುತ್ತಿದೆ.

ಈಗ ಪೇಚಾಟ ಏನೆಂದರೆ, ಒಂದು ದೊಡ್ಡ ಆಪ್‌ನಲ್ಲಿ ನಮ್ಮ ಜಾಹೀರಾತು ಅಕೌಂಟ್ ಬಂದ್ ಮಾಡಿದರು, ಕಾರಣವೂ ಸರಿಯಾಗಿ ಹೇಳಲಿಲ್ಲ. ಇನ್ನೊಂದು ಕಡೆ, ಫೋನ್ ಮಾಡುವವರೆಲ್ಲ ಮಂಡಿ ನೋವಿಗೆ ಏನಿದೆ, ನಿದ್ದೆಗೆ ಏನಿದೆ ಅಂತಲೇ ಕೇಳುತ್ತಾರೆ. ಹೊರ ರಾಜ್ಯದ ಒಂದು ಕಂಪನಿಯವರು ಎಲೆಯ ಸಾರದ ಡ್ರಾಪ್ಸ್ ಕೊಡುತ್ತೇವೆ, ನಿಮ್ಮ ಲೇಬಲ್ ಹಚ್ಚಿ ಮಾರಿ ಅಂತ ಹಿಂದೆ ಬಿದ್ದಿದ್ದಾರೆ. ಮಾರ್ಜಿನ್ ಕೇಳಿದರೆ ಆಸೆ ಹುಟ್ಟುತ್ತದೆ. ಮಾಡಬಹುದಾ? ಮತ್ತೆ, ಮಾವನವರ ಹೊಲ ಕಾಲುವೆ ಕೆಳಗಿದೆ, ನೀರಿಗೆ ತೊಂದರೆ ಇಲ್ಲ. ಬೀಜ ನಾವೇ ಬೆಳೆದರೆ ಅರ್ಧ ಖರ್ಚು ಉಳಿಯುತ್ತದೆ ಅನ್ನುತ್ತಾರೆ ಅವರು. ಸಂಬಂಧಿಕರು ನಮ್ಮನ್ನು "ಗಾಂಜಾ ಅಂಗಡಿಯವರು" ಅನ್ನುವುದಂತೂ ಇದ್ದೇ ಇದೆ, ಅದು ಬಿಡಿ.

ಮಾತ್ರೆ_ಡಬ್ಬಿ (ಬಳ್ಳಾರಿ)

ಅಕ್ಕ, ಮಾವನವರಿಗೆ ಮೊದಲು ಹೇಳಿ: ಹೊಲದಲ್ಲಿ ಒಂದು ಗಿಡವೂ ಬೇಡ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಬೆಳೆದರೆ 10 ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ನಾರಿಗೆ, ಬೀಜಕ್ಕೆ ಅಂತ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತ ಅದೇ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ಅದನ್ನು ಹಿಡಿದುಕೊಂಡೇ 2018ರಲ್ಲಿ ಉತ್ತರಾಖಂಡ ಮೊದಲು ದಾರಿ ಮಾಡಿತು. ಅಲ್ಲೂ ಟಿಎಚ್‌ಸಿ (ನಶೆ ತರುವ ಅಂಶ) 0.3% ದಾಟದ ತಳಿಗೆ ಮಾತ್ರ. ಕಾಲುವೆ ಕೆಳಗೆ ಭತ್ತ ಇದೆಯಲ್ಲ, ಅದೇ ಇರಲಿ.

ನೀವು ಮಾರುತ್ತಿರುವ ಬೀಜಕ್ಕೆ ಭಯ ಬೇಡ. ಕಾನೂನಿನ ಲೆಕ್ಕದಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬೀಜ ಅದರಲ್ಲಿ ಬರುವುದಿಲ್ಲ. 2021ರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟು ಮೂರನ್ನೂ ಆಹಾರ ಅಂತ ಒಪ್ಪಿದೆ. ಆದರೆ ಮಿತಿ ಇದೆ: ಟಿಎಚ್‌ಸಿ ಬೀಜದಲ್ಲಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ದಾಟಬಾರದು. ಅದಕ್ಕೇ ಪ್ರತಿ ಲಾಟ್‌ಗೂ ಲ್ಯಾಬ್ ರಿಪೋರ್ಟ್ ಕೇಳಿ ಪಡೆಯಿರಿ. ಹೋಂಸ್ಟೇಯಲ್ಲಿ ನಿಮ್ಮ ಡಬ್ಬಿ ಇಟ್ಟವರ ಹತ್ತಿರವೂ ಅದರ ಒಂದು ಜೆರಾಕ್ಸ್ ಇರಲಿ. ಪೊಲೀಸರು ಬಂದು ಕೇಳಿದಾಗ ನೀವು ಗಂಗಾವತಿಯಿಂದ ಓಡಿಬರುವ ತನಕ ಆ ಹುಡುಗರು ಏನು ಹೇಳಬೇಕು?

ಡ್ರಾಪ್ಸ್ ವಿಷಯ ಪೂರ್ತಿ ಬೇರೆ. ಎಲೆಯ ಸಾರ ಅಂದರೆ ಆಯುರ್ವೇದ ಔಷಧ. ತಯಾರಿಸುವವರಿಗೆ ಆಯುಷ್ ಲೈಸೆನ್ಸ್ ಬೇಕು, ಎಲೆಗೆ ಅಬಕಾರಿಯವರ ಕಾಗದ ಬೇಕು. ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ ಭಂಗಿಯ (ಇದೇ ಗಿಡದ ಎಲೆ) ಹೆಸರಿದೆ, ಅಂದರೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಅಂತ ಬಾಟಲಿ ಮೇಲೆ ಬರೆಯಲೇಬೇಕು. ಅಂಥದ್ದನ್ನು ಸೋಪಿನ ಪಕ್ಕ ಇಟ್ಟು ಟೂರಿಸ್ಟ್‌ಗಳಿಗೆ ಮಾರಲಾಗದು. ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡು ಬೇರೆಯೇ ವ್ಯಾಪಾರ ಮಾಡುವ ತಾಕತ್ತು ಇದ್ದರೆ ಯೋಚಿಸಿ, ಇಲ್ಲದಿದ್ದರೆ ಬಿಡಿ. ಇನ್ನೊಂದು, "ಸಂಧಿವಾತಕ್ಕೆ ರಾಮಬಾಣ" ಥರದ ಮಾತು ಲೇಬಲ್ ಮೇಲಾಗಲಿ ವಾಟ್ಸಾಪ್‌ನಲ್ಲಾಗಲಿ ಹಾಕಬೇಡಿ. 1954ರ ಜಾಹೀರಾತು ಕಾಯ್ದೆಯಲ್ಲಿ ಸಂಧಿವಾತ, ಸಕ್ಕರೆ ಕಾಯಿಲೆ ಎರಡೂ ನಿಷೇಧದ ಪಟ್ಟಿಯಲ್ಲಿವೆ.

ಹಾಂ, ಸೋಪು ಮನೆಯಲ್ಲೇ ಅಂದಿರಿ. ಸೋಪು ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ, ಮಾರಾಟಕ್ಕೆ ಮಾಡಬೇಕೆಂದರೆ ಅದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರ ಹತ್ತಿರ ಮಾಡಿಸಿ ನಿಮ್ಮ ಹೆಸರು ಹಾಕಿಸಿಕೊಳ್ಳುವುದು ಸುಲಭ.

ಗಾಣದ_ಎತ್ತು (ಸಿಂಧನೂರು)

ಮೇಲಿನವರು ಕಾಗದದ್ದು ಹೇಳಿದರು, ನಾನು ಎಣ್ಣೆಯದ್ದು ಹೇಳುತ್ತೇನೆ. ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಸಿಕ್ಕರೆ ಪುಣ್ಯ. ಉಳಿದ ಹಿಂಡಿ ಏನು ಮಾಡುತ್ತೀರಿ? ಎಮ್ಮೆಗೆ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ನಿಮ್ಮ ನಿಜವಾದ ಲಾಭ ಅದರಲ್ಲೇ ಇದೆ! ಎಣ್ಣೆ ಹೋದ ಮೇಲೆ ಉಳಿಯುವುದು ಬಹುಪಾಲು ಪ್ರೋಟೀನ್ ಮತ್ತು ನಾರು. ನುಣ್ಣಗೆ ಬೀಸಿ ಜರಡಿ ಹಿಡಿದರೆ ಪ್ರೋಟೀನ್ ಪೌಡರ್. ಜಿಮ್‌ಗೆ ಹೋಗುವ ಹುಡುಗರು ಡಬ್ಬಿಗಟ್ಟಲೆ ಕೊಳ್ಳುತ್ತಾರೆ. ಬೀಸಿದ್ದು ಹಿಟ್ಟಿನ ಲೆಕ್ಕಕ್ಕೇ ಬರುತ್ತದೆ, ಅದಕ್ಕೆ ಒಪ್ಪಿಗೆ ಇದೆ ಅಂತ ಬಳ್ಳಾರಿಯವರೇ ಹೇಳಿದರಲ್ಲ. ಆದರೆ ಹಿಂಡಿ ತಿನ್ನುವ ವಸ್ತು ಆಗಬೇಕಾದರೆ ಗಾಣವೂ ಸ್ವಚ್ಛ ಇರಬೇಕು. ಮೊದಲು ಶೇಂಗಾ ಆಡಿಸಿ ಅದರ ಮೇಲೆಯೇ ಇದನ್ನು ಹಾಕಿದರೆ, ಶೇಂಗಾ ಅಲರ್ಜಿ ಇರುವವರ ಕಥೆ ಏನಾಗಬೇಕು?

ಇನ್ನು ನಮ್ಮ ಕಡೆಯ ಬಿಸಿಲು. ಈ ಎಣ್ಣೆ ಶೇಂಗಾ ಎಣ್ಣೆ ಹಾಗಲ್ಲ, ಬೇಗ ಕಮಟು ವಾಸನೆ ಬರುತ್ತದೆ. ಬೆಳಕೂ ಆಗದು, ಕಾವೂ ಆಗದು. ಕಂದು ಬಣ್ಣದ ಗಾಜಿನ ಬಾಟಲಿ, ಸಣ್ಣ ಅಳತೆ, ಬಾಯಿ ತನಕ ತುಂಬಿಸಿ. ಏಪ್ರಿಲ್, ಮೇನಲ್ಲಿ ಕೊರಿಯರ್‌ನವರ ತಗಡಿನ ಗೋಡೌನ್‌ನಲ್ಲಿ ಎರಡು ದಿನ ಕೂತ ಬಾಟಲಿಯನ್ನು ಗಿರಾಕಿ ಮೂಸಿ ನೋಡಿದರೆ ಮತ್ತೆ ಆರ್ಡರ್ ಬರುವುದಿಲ್ಲ. ಬೇಸಿಗೆಯಲ್ಲಿ ಎಣ್ಣೆ ಕಮ್ಮಿ ಮಾಡಿ ಇಡೀ ಬೀಜವನ್ನೇ ಜಾಸ್ತಿ ಮಾರಿ, ಸಿಪ್ಪೆ ಇದ್ದಷ್ಟು ದಿನ ಅದು ತಡೆಯುತ್ತದೆ. ಮತ್ತೆ "ಕರಿಯಲು ಅಲ್ಲ, ಹಸಿಯಾಗಿ ಮೇಲೆ ಹಾಕಿಕೊಳ್ಳಿ" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ನಮ್ಮವರು ಇದರಲ್ಲೂ ಮಿರ್ಚಿ ಬಿಡುತ್ತಾರೆ.

ಖಡಕ್_ರೊಟ್ಟಿ (ರಾಯಚೂರು)

ಸುಮ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ನಮ್ಮಲ್ಲಿ ಅಗಸಿ ಇರುವಾಗ ಇದು ಯಾಕೆ ಬೇಕು? ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ 3 ಇದೆ, ಹೆಂಪ್‌ನಲ್ಲಿ ಹೆಚ್ಚೆಂದರೆ ಐದರಲ್ಲಿ ಒಂದು ಪಾಲು. ರೇಟು ನೋಡಿದರೆ ಅದರ ಹಲವು ಪಟ್ಟು. ಹಂಪಿಗೆ ಬಂದ ಫಾರಿನ್‌ನವರಿಗೆ ಎಲೆ ಚಿತ್ರ ತೋರಿಸಿ ಮಾರುವ ಗಿಮಿಕ್ ಅಷ್ಟೇ ಅಲ್ವಾ? ಬೀಜದ ಎಣ್ಣೆಯಲ್ಲಿ ಸಿಬಿಡಿ (ಈ ಗಿಡದಲ್ಲಿರುವ, ನಿದ್ದೆಗೆ, ನೋವಿಗೆ ಅಂತ ಜನ ಹುಡುಕುವ ಅಂಶ) ಇರುವುದೇ ಇಲ್ಲ ಅನ್ನುವಷ್ಟು ಕಮ್ಮಿ. ನಿದ್ದೆಗೆ ಅಂತ ಕೊಂಡವರಿಗೆ ಏನು ಸಿಗುತ್ತದೆ?

ಎಡದಂಡೆ_ಅಕ್ಕ (ಗಂಗಾವತಿ)

ಅಣ್ಣಾ, ಬೇಜಾರೇನಿಲ್ಲ. ಒಮೆಗಾದ ಮಾತಿಗೆ ಅಗಸಿಯೇ ಮೇಲು, ನಮ್ಮ ಮನೆಯಲ್ಲೂ ಅಗಸಿ ಚಟ್ನಿಯೇ ನಡೆಯುತ್ತದೆ. ಆದರೆ ಸಿಪ್ಪೆ ತೆಗೆದ ಹೆಂಪ್ ಬೀಜದಲ್ಲಿ ನೂರು ಗ್ರಾಂಗೆ ಸುಮಾರು 30 ಗ್ರಾಂ ಪ್ರೋಟೀನ್ ಇದೆ, ಅಗಸಿಯಲ್ಲಿ ಅಷ್ಟಿಲ್ಲ. ಹುರಿಯಬೇಕಿಲ್ಲ, ಕುಟ್ಟಬೇಕಿಲ್ಲ, ಮೊಸರಿನ ಮೇಲೆ ಉದುರಿಸಿ ತಿಂದರಾಯಿತು. ಮತ್ತೆ ಮತ್ತೆ ತರಿಸಿಕೊಳ್ಳುವವರು ಇದನ್ನೇ ಹೇಳುತ್ತಾರೆ. ನಿದ್ದೆಗೆ ಅಂತ ಕೇಳಿದವರಿಗೆ ಇದರಿಂದ ಬರುವುದಿಲ್ಲ ಅಂತಲೇ ಹೇಳುತ್ತೇನೆ, ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ.

ಹಿಂಡಿ ಇಷ್ಟು ದಿನ ಗಾಣದವರಿಗೇ ಬಿಟ್ಟು ಬರುತ್ತಿದ್ದೆವು. ಈ ವಾರವೇ ಮಾತಾಡುತ್ತೇನೆ. ಡ್ರಾಪ್ಸ್‌ನವರಿಗೆ ಬೇಡ ಅನ್ನುತ್ತೇನೆ. ಮಾವನವರಿಗೆ ಬಳ್ಳಾರಿ ಸರ್ ಬರೆದಿದ್ದನ್ನು ಓದಿ ಹೇಳಿದೆ, "10 ವರ್ಷ" ಅಂದ ತಕ್ಷಣ ಮಾತೇ ಮುಗಿಯಿತು.

ಬೆಂಗಳೂರಲ್ಲಿ_ಕೊಪ್ಪಳದವ

ಅಕ್ಕ, ಜಾಹೀರಾತಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಇದೇ ಕೆಲಸದಲ್ಲಿದ್ದೇನೆ. ಲೇಬಲ್, ವೆಬ್‌ಸೈಟ್, ಪೋಸ್ಟ್ ಎಲ್ಲ ಕಡೆಯಿಂದ ಆ ಐದು ಬೆರಳಿನ ಎಲೆ ಚಿತ್ರ ತೆಗೆಯಿರಿ. ಇಂಥ ಆಪ್‌ಗಳಲ್ಲಿ ಮೊದಲು ನೋಡುವುದು ಯಂತ್ರ. ಅದಕ್ಕೆ ಬೀಜಕ್ಕೂ ಗಾಂಜಾಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲೆ ಕಂಡರೆ ಬಂದ್. ಬದಲಿಗೆ ಬೀಜ, ಬಟ್ಟಲು, ರೊಟ್ಟಿ ಚಿತ್ರ ಹಾಕಿ. ಪೇಮೆಂಟ್ ಕಂಪನಿಗಳೂ ಇದೇ ಕಾರಣಕ್ಕೆ ದುಡ್ಡು ತಡೆಹಿಡಿಯುವುದುಂಟು. ಅಕೌಂಟ್ ತೆರೆಯುವಾಗಲೇ ಲೈಸೆನ್ಸ್, ಲ್ಯಾಬ್ ರಿಪೋರ್ಟ್ ಕೊಟ್ಟುಬಿಡಿ, ಆಮೇಲೆ ಒದ್ದಾಡುವುದು ತಪ್ಪುತ್ತದೆ. ಜಾಹೀರಾತಿಗೆ ಇಟ್ಟ ದುಡ್ಡಿನಲ್ಲಿ ಹಳೇ ಗಿರಾಕಿಗಳಿಗೆ ಎರಡನೇ ಆರ್ಡರ್‌ಗೆ ಸಣ್ಣ ಪ್ರೋಟೀನ್ ಪೌಡರ್ ಪ್ಯಾಕೆಟ್ ಪುಕ್ಕಟೆ ಹಾಕಿ ನೋಡಿ.

ಇನ್ನೊಂದು ಐಡಿಯಾ, ಚಟ್ನಿ ಪುಡಿ. ಉತ್ತರಾಖಂಡದಲ್ಲಿ ಈ ಬೀಜ ಹುರಿದು ಚಟ್ನಿ ಮಾಡುವುದು ಮನೆಮನೆಯ ಪದ್ಧತಿ. ನಮ್ಮ ಗುರೆಳ್ಳು ಚಟ್ನಿ ಪುಡಿ ಮಾಡುವ ಹಾಗೆಯೇ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ಬೇಸಿಗೆಯಲ್ಲೂ ಮಾರಬಹುದು.

ಖಡಕ್_ರೊಟ್ಟಿ (ರಾಯಚೂರು)

ಚಟ್ನಿ ಪುಡಿ ಆದರೆ ನನಗೂ ಅರ್ಧ ಕೆಜಿ ಕಳಿಸಿ ಅಕ್ಕ. ಒಮೆಗಾ ಲೆಕ್ಕ ಆಮೇಲೆ ನೋಡೋಣ. ರೇಟು ಮಾತ್ರ ಬೆಂಗಳೂರಿನವರದ್ದು ಹಾಕಬೇಡಿ.